ಯಾರಪ್ಪನ ಮನೆ ದುಡ್ಡು?

ಆಟಗಾರನೊಬ್ಬನ ಮೇಲೆ ತೆರಿಗೆ ತಪ್ಪಿಸಿದ ಆರೋಪ ಬಂತು ಅಂದ್ರೆ ನಮ್ಮ ಜನರ ತೀರ್ಪು ಕೋರ್ಟಿನ ತೀರ್ಪಿಗಿಂತ ಮೊದಲೇ ಬಂದಿರುತ್ತೆ. ಅದಕ್ಕೆ ಮೇಲ್ಮನವಿಯೂ ಇರಲ್ಲ. ಒಂದೋ, "ಅಯ್ಯೋ ಬಿಡಪ್ಪಾ, ದೇಶಕ್ಕೆ ಆಡಿದ ಮನುಷ್ಯ, ಅವನಿಗೆ ಈ ಲೆಕ್ಕಪತ್ರ ಎಲ್ಲಾ ಏನ್ ಗೊತ್ತಿರುತ್ತೆ, ಆಡಿಟ್ರು ಮಾಡಿರ್ತಾನೆ." ಇಲ್ಲಾಂದ್ರೆ, "ಕೋಟಿಗಟ್ಲೆ ದುಡೀತಾನೆ, ಇನ್ನೂ ಸಾಲ್ದಾ ಇವನಿಗೆ?" ಈ ಎರಡರಲ್ಲಿ ಯಾವುದು ಬರುತ್ತೆ ಅನ್ನೋದಕ್ಕೂ ಆರೋಪಕ್ಕೂ ಸಂಬಂಧ ಇಲ್ಲ. ಆ ಮನುಷ್ಯ ಯಾವ ಟೀಮಿಗೆ ಆಡಿದ, ನಮ್ಮ ಎದುರು ಆಡಿದನಾ ನಮ್ಮ ಪರ ಆಡಿದನಾ, ಕೊನೆಯ ಸೀಸನ್ನಿನಲ್ಲಿ ಎಷ್ಟು ರನ್ ಹೊಡೆದ, ಇಷ್ಟೇ.

ನಾನು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯವನು. ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೂ ಮದುವೆ, ತಿಥಿ, ಗೃಹಪ್ರವೇಶ ಅಂತ ತಿಂಗಳಿಗೊಂದು ಸಲ ದುರ್ಗ, ಹಿರಿಯೂರು, ಹೊಸದುರ್ಗ ಅಂತ ಸುತ್ತೋದು ಇದ್ದೇ ಇದೆ. ಊಟದ ಪಂಕ್ತಿ ಮುಗಿದು ಎಲೆ ಅಡಿಕೆ ಹಾಕಿಕೊಂಡು ಕೂತಾಗ ಮಾತು ಮೊದಲು ಮಳೆ, ಆಮೇಲೆ ಅಡಿಕೆ ರೇಟು, ಅದಾದ ಮೇಲೆ ಕ್ರಿಕೆಟ್ಟಿಗೆ ಬರುತ್ತೆ. ಅಲ್ಲಿ ಕೇಳಿದ್ದನ್ನೂ ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಕೇಳಿದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಇರೋದು ಇಂಗ್ಲಿಷಿನಲ್ಲಿ ಮಾತ್ರ.

ರಾಬಿನ್ ಉತ್ತಪ್ಪ ಅವರ ಪ್ರಕರಣದಿಂದ ಶುರು ಮಾಡ್ತೀನಿ, ಯಾಕಂದ್ರೆ ಅದು ನಮ್ಮ ರಾಜ್ಯದ್ದು, ನಮ್ಮ ಹುಡುಗನದ್ದು. 2007ರ ಸೆಪ್ಟೆಂಬರ್‌ನಲ್ಲಿ ಡರ್ಬನ್‌ನಲ್ಲಿ ಪಾಕಿಸ್ತಾನದ ಎದುರು ಪಂದ್ಯ ಟೈ ಆಗಿ ಬೌಲ್‌ಔಟ್ ಆಯ್ತಲ್ಲ, ಸೆಹ್ವಾಗ್, ಹರ್ಭಜನ್ ಆದ ಮೇಲೆ ಬೌಲರೇ ಅಲ್ಲದ ಈ ಮನುಷ್ಯ ಬಂದು ಖಾಲಿ ವಿಕೆಟ್ಟಿಗೆ ನೇರ ಹೊಡೆದು, ಟೋಪಿ ತೆಗೆದು ಬಗ್ಗಿ ನಮಸ್ಕಾರ ಮಾಡಿದ್ದು ನಮ್ಮ ವಯಸ್ಸಿನ ಯಾರೂ ಮರೆಯೋ ಹಾಗಿಲ್ಲ. 2014ರ ಐಪಿಎಲ್‌ನಲ್ಲಿ 660 ರನ್ ಹೊಡೆದು ಕಿತ್ತಳೆ ಟೋಪಿ ಹಾಕಿಕೊಂಡಿದ್ದು ಕೋಲ್ಕತ್ತಾ ಪರವಾಗಿ ಅನ್ನೋ ಸಣ್ಣ ಬೇಜಾರು ಇದ್ದರೂ, ರಣಜಿ ಟ್ರೋಫಿ ಎರಡು ವರ್ಷ ಸಾಲಾಗಿ ಕರ್ನಾಟಕಕ್ಕೆ ಬಂದಾಗ ಟೀಮಿನಲ್ಲಿದ್ದವರು.

2024ರ ಡಿಸೆಂಬರ್ 4ರಂದು ಭವಿಷ್ಯನಿಧಿ ಸಂಘಟನೆಯ ಬೆಂಗಳೂರಿನ ಪ್ರಾದೇಶಿಕ ಆಯುಕ್ತರು ಅವರ ಮೇಲೆ ಬಂಧನದ ವಾರೆಂಟ್ ಹೊರಡಿಸಿದರು. ಸೆಂಟಾರಸ್ ಲೈಫ್‌ಸ್ಟೈಲ್ ಬ್ರ್ಯಾಂಡ್ಸ್ ಅನ್ನೋ ಕಂಪನಿ 23,36,602 ರೂಪಾಯಿ ಪಿಎಫ್ ಬಾಕಿ ಉಳಿಸಿಕೊಂಡಿದೆ, ನೌಕರರ ಸಂಬಳದಿಂದ ಹಿಡಿದುಕೊಂಡ ದುಡ್ಡನ್ನ ಕಟ್ಟಿಲ್ಲ, ಉತ್ತಪ್ಪ ಅದರ ನಿರ್ದೇಶಕರು ಅನ್ನೋದು ಆರೋಪ. ಪೊಲೀಸರು ವಾರೆಂಟ್ ಹಿಡಿದುಕೊಂಡು ಹೋದರೆ ಆ ವಿಳಾಸದಲ್ಲಿ ಅವರಿರಲಿಲ್ಲ. ಉತ್ತಪ್ಪ ಕೊಟ್ಟ ಹೇಳಿಕೆ ಹೀಗಿತ್ತು: 2018-19ರಲ್ಲಿ ಆ ಕಂಪನಿಗಳಿಗೆ ಸಾಲದ ರೂಪದಲ್ಲಿ ದುಡ್ಡು ಕೊಟ್ಟಿದ್ದಕ್ಕೆ ನನ್ನನ್ನ ನಿರ್ದೇಶಕನನ್ನಾಗಿ ಮಾಡಿದರು, ದಿನದ ವ್ಯವಹಾರದಲ್ಲಿ ನನ್ನ ಪಾತ್ರ ಇರಲಿಲ್ಲ, ನನ್ನ ಸಾಲವೇ ವಾಪಸ್ ಬಂದಿಲ್ಲ, ವರ್ಷಗಳ ಹಿಂದೆಯೇ ರಾಜೀನಾಮೆ ಕೊಟ್ಟಿದ್ದೇನೆ. ಡಿಸೆಂಬರ್ 31ರಂದು ಕರ್ನಾಟಕ ಹೈಕೋರ್ಟ್ ವಾರೆಂಟಿಗೆ ತಡೆ ಕೊಟ್ಟಿತು.

ನನಗೆ ಬೇಕಾಗಿರೋದು ಉತ್ತಪ್ಪ ತಪ್ಪು ಮಾಡಿದರಾ ಇಲ್ವಾ ಅನ್ನೋದಲ್ಲ. ಅದು ಕೋರ್ಟಿನ ಕೆಲಸ, ಅವರ ವಾದದಲ್ಲಿ ಹುರುಳಿದೆ ಅಂತ ಕಂಡಿದ್ದಕ್ಕೇ ತಡೆ ಸಿಕ್ಕಿರಬೇಕು. ನನಗೆ ಕುತೂಹಲ ಇರೋದು ನಾವು ಏನು ಮಾತಾಡಿದ್ವಿ ಅನ್ನೋದರ ಬಗ್ಗೆ.

ಹಿರಿಯೂರಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್ಲಿನಲ್ಲಿ ಆ ವಾರ ಕೇಳಿದ ಮಾತು: "ಕೋಟಿಗಟ್ಲೆ ಇರೋನಿಗೆ ಇಪ್ಪತ್ಮೂರು ಲಕ್ಷ ಒಂದು ದುಡ್ಡಾ? ಬಿಸಾಕಿದ್ರೆ ಮುಗೀತಿತ್ತು." ಹೊಸದುರ್ಗದಲ್ಲಿ ನಮ್ಮ ಸೋದರಮಾವ, ತೆಂಗಿನ ತೋಟದವರು, ಅವರದು ಇನ್ನೊಂದು ದಾರಿ: "ಸರ್ಕಾರದೋರು ದೊಡ್ಡೋರನ್ನ ಬಿಟ್ಟು ಆಡೋ ಹುಡುಗರನ್ನ ಹಿಡಿತಾರೆ ಕಣಪ್ಪ. ಬ್ಯಾಂಕಿಗೆ ಟೋಪಿ ಹಾಕಿ ಲಂಡನ್ನಿಗೆ ಹೋದೋನನ್ನ ಹಿಡ್ಕಂಬರ್ಲಿ ನೋಡಾನಾ." ನಮ್ಮ ಆಫೀಸಿನಲ್ಲಿ, "ಬ್ರೋ, ಡೈರೆಕ್ಟರ್ ಅಂದ್ರೆ ಬರೀ ಸೈನಿಂಗ್ ಅಥಾರಿಟಿ, ಸಿಎ ತಪ್ಪು." ಈ ಮೂರು ಮಾತಲ್ಲೂ ಒಂದು ವಿಷಯ ಸಮಾನ. ಆ ದುಡ್ಡು ಸರ್ಕಾರದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸರ್ಕಾರಕ್ಕೆ ಸೇರಬೇಕಾದ್ದು ಸ್ವಲ್ಪ ತಡ ಆಯ್ತು, ಅಷ್ಟೇ, ಯಾರಪ್ಪನ ಮನೆ ಗಂಟು ಹೋಯ್ತು ಅನ್ನೋ ಧಾಟಿ.

ಪಿಎಫ್ ದುಡ್ಡು ಸರ್ಕಾರದ್ದಲ್ಲ ಸ್ವಾಮಿ. ಸಂಬಳದ ಶೇಕಡಾ 12 ನೌಕರನ ಜೇಬಿನಿಂದ, ಇನ್ನೊಂದು 12 ಮಾಲೀಕನಿಂದ. ನೌಕರನ ಪಾಲನ್ನ ಮಾಲೀಕ ಸಂಬಳ ಕೊಡೋಕೆ ಮುಂಚೆಯೇ ಹಿಡಿದುಕೊಂಡಿರ್ತಾನೆ. ಹಿಡಿದ ಕ್ಷಣದಿಂದ ಅದು ಅವನ ಕೈಯಲ್ಲಿರೋ ಬೇರೆಯವರ ದುಡ್ಡು. ಹಳೆಯ ದಂಡಸಂಹಿತೆಯ 405ನೇ ಕಲಮಿಗೆ ಇದಕ್ಕೋಸ್ಕರವೇ ಒಂದು ವಿವರಣೆ ಸೇರಿಸಿದ್ದರು: ನೌಕರನ ಪಾಲು ಹಿಡಿದು ಕಟ್ಟದೇ ಹೋದರೆ ಅದು ನಂಬಿಕೆ ದ್ರೋಹ. ಅಂದ್ರೆ ಕಾನೂನಿನ ಕಣ್ಣಲ್ಲಿ ಇದು "ಕಟ್ಟೋದು ಮರೆತೋಯ್ತು" ಅನ್ನೋ ಜಾತಿಯದ್ದಲ್ಲ, ಒಪ್ಪಿಸಿದ ಗಂಟನ್ನ ನುಂಗೋ ಜಾತಿಯದ್ದು. ಆ ಕಂಪನಿಯಲ್ಲಿ ಯಾರು ನುಂಗಿದರು, ನಿಜಕ್ಕೂ ನುಂಗಿದರಾ ಅನ್ನೋದು ಬೇರೆ ಪ್ರಶ್ನೆ. ಆದರೆ ಇಪ್ಪತ್ತಮೂರು ಲಕ್ಷ ಅನ್ನೋದು ಆಟಗಾರನಿಗೆ ಎಷ್ಟು ಸಣ್ಣದು ಅಂತ ಲೆಕ್ಕ ಹಾಕಿದ ನಾವು, ಆ ಇಪ್ಪತ್ತಮೂರು ಲಕ್ಷ ಯಾರ ಯಾರ ಸಂಬಳದ ಚೀಟಿಯಿಂದ ಒಟ್ಟಾಯ್ತು ಅಂತ ಯೋಚನೆ ಮಾಡಲೇ ಇಲ್ಲ.

ಇದು ನಮ್ಮ ಜಿಲ್ಲೆಗೆ ದೂರದ ವಿಷಯವಾಗಿದ್ದರೆ ಬೇರೆ ಮಾತು. ಹೊಳಲ್ಕೆರೆ, ಹೊಸದುರ್ಗದ ಒಣ ಹಳ್ಳಿಗಳಿಂದ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಹೆಣ್ಣುಮಕ್ಕಳು ಒಬ್ಬರೂ ಇಲ್ಲದ ಮನೆತನ ಹುಡುಕೋದು ಕಷ್ಟ. 2016ರ ಏಪ್ರಿಲ್ 18 ಮತ್ತು 19, ನೆನಪಿದೆಯಾ? ಮಾಲೀಕರ ಪಾಲಿನ ಪಿಎಫ್ ಅನ್ನು 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕನೂ ಇಲ್ಲದೆ ಸಾವಿರಗಟ್ಟಲೆ ಹೊಸೂರು ರಸ್ತೆಗೆ, ಪೀಣ್ಯ ಕಡೆಗೆ ಇಳಿದರು. ಊರೇ ನಿಂತುಹೋಯ್ತು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತಗೊಂಡಿತು. ಐಟಿಯವರು ಆ ದಿನ "ಟ್ರಾಫಿಕ್" ಅಂತ ಮೆಸೇಜ್ ಹಾಕಿ ಮನೆಯಿಂದ ಕೆಲಸ ಮಾಡಿದ್ವಿ. ಅವರಿಗೆ ಪಿಎಫ್ ಅಂದ್ರೆ ತಂಗಿ ಮದುವೆ, ತಾಯಿಯ ಆಪರೇಷನ್, ಬೋರ್‌ವೆಲ್ಲು. ಅದು ಸರ್ಕಾರದ ಬೊಕ್ಕಸದ ಸಂಗತಿ ಅಲ್ಲ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ದೊಡ್ಡ ದೇವರ ಗುಡಿಗೆ ಬರೋಣ. ಸಚಿನ್ ತೆಂಡೂಲ್ಕರ್ 2002ರಲ್ಲಿ ಬ್ರಾಡ್ಮನ್ನರ 29 ಟೆಸ್ಟ್ ಶತಕಗಳನ್ನ ಸರಿಗಟ್ಟಿದಾಗ ಫಿಯಟ್ ಕಂಪನಿ ಅವರಿಗೆ ಫೆರಾರಿ 360 ಮೊಡೆನಾ ಕಾರು ಉಡುಗೊರೆ ಕೊಟ್ಟಿತು. ಆಮದು ಸುಂಕ ಸುಮಾರು 1.13 ಕೋಟಿ. 2003ರಲ್ಲಿ ಕೇಂದ್ರ ಸರ್ಕಾರ ಅದನ್ನ ಮಾಫಿ ಮಾಡಿತು. ಯಾರೋ ದೆಹಲಿ ಹೈಕೋರ್ಟಿಗೆ ಹೋದರು, ಗಲಾಟೆ ಆಯ್ತು, ಕೊನೆಗೆ ಫಿಯಟ್ಟೇ ಸುಂಕ ಕಟ್ಟಿತು. ಇದರಲ್ಲಿ ಸಚಿನ್ ತೆರಿಗೆ ಕದ್ದರು ಅನ್ನೋ ಹಾಗೇ ಇಲ್ಲ, ಮಾಫಿ ಕೇಳಿದರು, ಸರ್ಕಾರ ಕೊಟ್ಟಿತು. ಆದರೆ ಆ 2003 ನಮ್ಮ ಕಡೆ ಎಂಥ ವರ್ಷ ಅಂತ ನಿಮ್ಮ ಅಪ್ಪ ಅಮ್ಮನನ್ನ ಕೇಳಿ. ರಾಜ್ಯಕ್ಕೆ ಸತತ ಮೂರನೇ ಬರಗಾಲ. ತೆಂಗು ಒಣಗಿ ಗರಿ ಜೋತುಬಿದ್ದಿತ್ತು, ಸೊಸೈಟಿ ಸಾಲದ ನೋಟಿಸು ಮನೆ ಮನೆಗೆ ಬರ್ತಿತ್ತು. ಆಗಲೂ ನಮ್ಮೂರ ಅರಳಿಕಟ್ಟೆ ಮೇಲೆ ಬಂದ ತೀರ್ಪು: "ಸಚಿನ್‌ಗೆ ಮಾಫಿ ಮಾಡ್ದೆ ಇನ್ಯಾರಿಗೆ ಮಾಡ್ತಾರೆ?" ಸಾಲ ಕಟ್ಟಲಾಗದೆ ಕೂತವರ ಬಾಯಿಂದ ಬಂದ ಮಾತು ಇದು. ಇದನ್ನ ಮುಗ್ಧತೆ ಅಂತ ಕರೆದು ಮುದ್ದು ಮಾಡೋದು ನನಗೆ ಇಷ್ಟ ಇಲ್ಲ. ಕಾರಿನ ಸುಂಕ ಮಾಫಿ ಆಗಬಹುದಾದರೆ ನಮ್ಮ ಸಾಲದ ಬಡ್ಡಿ ಯಾಕೆ ಆಗಬಾರದು ಅನ್ನೋ ಪ್ರಶ್ನೆಯನ್ನ ಕೇಳದ ಹಾಗೆ ಆ ಅಭಿಮಾನ ಬಾಯಿ ಕಟ್ಟಿತ್ತು.

ಸಚಿನ್ ಅವರದೇ ಇನ್ನೊಂದು ಪ್ರಕರಣ ಇದೆ, ಅದು ಕಡಿಮೆ ಜನಕ್ಕೆ ಗೊತ್ತು, ನನಗಂತೂ ಬಹಳ ಇಷ್ಟ. ಆದಾಯ ತೆರಿಗೆ ಕಾಯ್ದೆಯಲ್ಲಿ 80ಆರ್‌ಆರ್ ಅಂತ ಒಂದು ಕಲಂ ಇತ್ತು. ಲೇಖಕ, ಕಲಾವಿದ, ನಟ, ಕ್ರೀಡಾಪಟು ತನ್ನ ವೃತ್ತಿಯಿಂದ ವಿದೇಶಿ ಹಣ ತಂದರೆ ಅದರಲ್ಲಿ ಒಂದಿಷ್ಟಕ್ಕೆ ವಿನಾಯಿತಿ. ಪೆಪ್ಸಿ, ವೀಸಾ, ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್ ಇವರ ಜಾಹೀರಾತಿನಿಂದ ಬಂದ ಸುಮಾರು 5.92 ಕೋಟಿಗೆ ಸಚಿನ್ 1.77 ಕೋಟಿ ವಿನಾಯಿತಿ ಕೇಳಿದರು. ನೀನು ಕ್ರಿಕೆಟಿಗ, ಜಾಹೀರಾತು ನಿನ್ನ ಆಟ ಅಲ್ಲ ಅಂತ ಇಲಾಖೆ. ನಾನು ವೃತ್ತಿಪರ ಕ್ರಿಕೆಟಿಗನೇ ಅಲ್ಲ, ಜಾಹೀರಾತಿನಲ್ಲಿ ನಟಿಸುವ ನಟ ಅಂತ ಸಚಿನ್. 2011ರಲ್ಲಿ ಮುಂಬೈನ ಮೇಲ್ಮನವಿ ನ್ಯಾಯಮಂಡಳಿ, ಒಬ್ಬ ಮನುಷ್ಯನಿಗೆ ಎರಡು ವೃತ್ತಿ ಇರಬಹುದು, ಕ್ಯಾಮೆರಾ ಮುಂದೆ ನಿಂತಾಗ ಇವರು ನಟರೇ ಅಂತ ಸಚಿನ್ ಪರ ತೀರ್ಪು ಕೊಟ್ಟಿತು. ವಿಶ್ವಕಪ್ ಗೆದ್ದು ತಿಂಗಳು ಎರಡು ತಿಂಗಳಷ್ಟೇ ಆಗಿತ್ತು. ಕ್ರಿಕೆಟ್ಟಿನ ದೇವರು ತಾನು ವೃತ್ತಿಪರ ಕ್ರಿಕೆಟಿಗನಲ್ಲ ಅಂತ ಕಾಗದದ ಮೇಲೆ ಬರೆದುಕೊಟ್ಟಿದ್ದನ್ನ ಭಕ್ತರು ನಕ್ಕು ಮರೆತರು.

ಈ ಎರಡನೇ ಪ್ರಕರಣ ಕಳ್ಳತನ ಅಲ್ಲ. ಕಾನೂನಿನ ಒಳಗೇ ಇರೋ ಬಾಗಿಲನ್ನ ತಟ್ಟಿದ್ದು, ಬಾಗಿಲು ತೆರೀತು. ಸೌರವ್ ಗಂಗೂಲಿ ಸೇವಾ ತೆರಿಗೆ ವಿಷಯದಲ್ಲಿ ಇಲಾಖೆ ಜೊತೆ ಜಗಳ ಆಡಿ 2016ರಲ್ಲಿ ಕಲ್ಕತ್ತಾ ಹೈಕೋರ್ಟಿನಲ್ಲಿ ಗೆದ್ದರು, ಅದೂ ಇದೇ ಬಗೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ನೋಟಿಸ್ ಅಂದ್ರೆ ಟಿಕೆಟ್ ಓಪನ್ ಆಗಿದೆ ಅಂತ, ಬಗ್ ಸಾಬೀತಾಗಿದೆ ಅಂತಲ್ಲ. ಟಿವಿಯವರಿಗೆ ಈ ವ್ಯತ್ಯಾಸ ಬೇಡ. ನೋಟಿಸು, ಸಮನ್ಸು, ವಾರೆಂಟು, ತೀರ್ಪು ಎಲ್ಲಕ್ಕೂ ಒಂದೇ ಕೆಂಪು ಪಟ್ಟಿ, ಒಂದೇ ಢಣ್ ಅನ್ನೋ ಸದ್ದು. 2017ರಲ್ಲಿ ಸಾನಿಯಾ ಮಿರ್ಜಾಗೆ ಸೇವಾ ತೆರಿಗೆ ಇಲಾಖೆ ಸಮನ್ಸ್ ಕಳಿಸಿದಾಗಲೂ ಇದೇ ಆಯ್ತು. ತೆಲಂಗಾಣ ಸರ್ಕಾರ ಕೊಟ್ಟ ಒಂದು ಕೋಟಿ ತರಬೇತಿಗೆ ಕೊಟ್ಟ ಪ್ರೋತ್ಸಾಹಧನ, ರಾಯಭಾರಿಯಾಗಿದ್ದಕ್ಕೆ ಸಂಬಳ ಅಲ್ಲ ಅಂತ ಅವರ ವಾದ. ಅದನ್ನ ಕೇಳೋ ವ್ಯವಧಾನ ಯಾರಿಗಿತ್ತು? ಅವರ ಗಂಡನ ದೇಶ, ಅವರ ಬಟ್ಟೆ ಎಲ್ಲಾ ಚರ್ಚೆಗೆ ಬಂತು. ಸಚಿನ್‌ಗೆ ಸಿಕ್ಕ "ಪಾಪ ಬಿಡಪ್ಪ" ಸಾನಿಯಾಗೆ ಸಿಗಲಿಲ್ಲ. ನಮ್ಮ ಕ್ಷಮೆಗೂ ಜಾತಕ ನೋಡೋ ಅಭ್ಯಾಸ ಇದೆ.

ಇದು ಬರೀ ನಮ್ಮ ದೇಶದ ರೋಗ ಅಂತ ಯಾರಾದರೂ ಅಂದ್ರೆ ನಾನು ಒಪ್ಪಲ್ಲ. 2016ರ ಜುಲೈನಲ್ಲಿ ಬಾರ್ಸಿಲೋನಾದ ಕೋರ್ಟು ಲಿಯೋನೆಲ್ ಮೆಸ್ಸಿಗೂ ಅವರ ತಂದೆಗೂ 21 ತಿಂಗಳ ಶಿಕ್ಷೆ ಕೊಟ್ಟಿತು. 2007ರಿಂದ 2009ರವರೆಗೆ ತನ್ನ ಚಿತ್ರದ ಹಕ್ಕಿನಿಂದ ಬಂದ ದುಡ್ಡನ್ನ ಬೆಲೀಜ್, ಉರುಗ್ವೆ ಕಡೆಯ ಕಂಪನಿಗಳ ಮೂಲಕ ಸುತ್ತಿಸಿ 41 ಲಕ್ಷ ಯೂರೋ ತೆರಿಗೆ ತಪ್ಪಿಸಿದ್ದು ಅಪರಾಧ. ನನಗೆ ಫುಟ್‌ಬಾಲ್ ಬಿಟ್ಟು ಬೇರೆ ಗೊತ್ತಿಲ್ಲ, ಅಪ್ಪ ಹೇಳಿದಲ್ಲಿ ಸಹಿ ಹಾಕಿದೆ ಅನ್ನೋದು ಮೆಸ್ಸಿಯ ವಾದ. ಗೊತ್ತು ಮಾಡಿಕೊಳ್ಳಬಾರದು ಅಂತಲೇ ಗೊತ್ತು ಮಾಡಿಕೊಳ್ಳದೆ ಇರೋದು ತಪ್ಪಿಸಿಕೊಳ್ಳೋಕೆ ದಾರಿ ಅಲ್ಲ ಅನ್ನೋದು ಕೋರ್ಟಿನ ನಿಲುವು. 2017ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡೀತು, ಜೈಲಿನ ಬದಲು 2,52,000 ಯೂರೋ ದಂಡ ಆಯ್ತು. ಅವರ ಕ್ಲಬ್ ಮಾಡಿದ್ದೇನು? ನಾವೆಲ್ಲರೂ ಮೆಸ್ಸಿ ಅಂತ ಎರಡೂ ಅಂಗೈ ತೋರಿಸಿ ಫೋಟೋ ಹಾಕಿ ಅಂತ ಅಭಿಮಾನಿಗಳಿಗೆ ಕರೆ ಕೊಟ್ಟಿತು. ಸ್ಪೇನಿನಲ್ಲೇ ಬಹಳ ಜನ ಇದಕ್ಕೆ ಉಗಿದರು. ಆಗ ಆ ದೇಶದಲ್ಲಿ ನಿರುದ್ಯೋಗ ಶೇಕಡಾ 20ರ ಆಸುಪಾಸು.

ಜರ್ಮನಿಯ ಉಲಿ ಹೋನೆಸ್ ಕಥೆ ಬೇರೆ. 1974ರ ವಿಶ್ವಕಪ್ ಗೆದ್ದ ಟೀಮಿನ ಆಟಗಾರ, ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಅಧ್ಯಕ್ಷ. ಸ್ವಿಸ್ ಖಾತೆಯ ವ್ಯವಹಾರದಲ್ಲಿ 2.85 ಕೋಟಿ ಯೂರೋ ತೆರಿಗೆ ತಪ್ಪಿಸಿದ್ದಕ್ಕೆ 2014ರ ಮಾರ್ಚ್‌ನಲ್ಲಿ ಮೂರೂವರೆ ವರ್ಷ ಶಿಕ್ಷೆ. ಮೇಲ್ಮನವಿ ಹಾಕದೆ ಜೈಲಿಗೆ ಹೋದರು. 2016ರ ಫೆಬ್ರವರಿಯಲ್ಲಿ ಹೊರಬಂದರು, ಅದೇ ವರ್ಷ ನವೆಂಬರಿನಲ್ಲಿ ಕ್ಲಬ್ಬಿನ ಸದಸ್ಯರು ಭಾರಿ ಬಹುಮತದಿಂದ ಮತ್ತೆ ಅಧ್ಯಕ್ಷರನ್ನಾಗಿ ಮಾಡಿದರು. ಅಭಿಮಾನ ಅಲ್ಲೂ ಇತ್ತು, ಕಣ್ಣೀರೂ ಇತ್ತು. ಆದರೆ ಮೊದಲು ಜೈಲು, ಆಮೇಲೆ ಹೂವಿನ ಹಾರ. ನಾವು ಹಾರ ಮೊದಲು ಹಾಕಿಬಿಡ್ತೀವಿ, ಹಾಗಾಗಿ ಆಮೇಲಿನದು ಬರೋದೇ ಇಲ್ಲ.

ನಮ್ಮ ಜಿಲ್ಲೆಯ ಕಥೆಯನ್ನೂ ಹೇಳಬೇಕು, ಅದು ಆಟಗಾರನದ್ದಲ್ಲದಿದ್ದರೂ. ನೋಟು ರದ್ದಾದ ಮರು ತಿಂಗಳು, 2016ರ ಡಿಸೆಂಬರ್‌ನಲ್ಲಿ, ಕ್ಯಾಸಿನೊ ಉದ್ಯಮಿ ಕೆ.ಸಿ. ವೀರೇಂದ್ರ ಅವರಿಗೆ ಸಂಬಂಧಿಸಿದಂತೆ ಚಳ್ಳಕೆರೆಯಲ್ಲಿ ಐಟಿ ಶೋಧ ನಡೆದಾಗ ಬಚ್ಚಲುಮನೆಯ ಗೋಡೆಯ ಹಿಂದಿನ ಗುಪ್ತ ಅರೆಯಲ್ಲಿ 5.7 ಕೋಟಿ ಹೊಸ ನೋಟು, 32 ಕೆ.ಜಿ. ಚಿನ್ನ ಸಿಕ್ಕಿತು ಅಂತ ಸುದ್ದಿ ಆಯ್ತು. ನಾವು ಎರಡು ಸಾವಿರದ ಒಂದು ನೋಟಿಗೆ ಎಟಿಎಂ ಮುಂದೆ ನಿಂತಿದ್ದ ಕಾಲ. 2023ರಲ್ಲಿ ಅದೇ ವೀರೇಂದ್ರ ಚಿತ್ರದುರ್ಗದ ಶಾಸಕರಾದರು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್, ಆಫ್‌ಲೈನ್ ಬೆಟ್ಟಿಂಗ್ ಆರೋಪದ ಮೇಲೆ ಇ.ಡಿ. ಅವರನ್ನ ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು. ಆರೋಪ ಆರೋಪವೇ, ಅದರ ತೀರ್ಮಾನ ಕೋರ್ಟಿನಲ್ಲಿ. ನಾನು ಹೇಳೋಕೆ ಹೊರಟಿದ್ದು, ಆ ಬಚ್ಚಲುಮನೆ ಸುದ್ದಿ ಬಂದಾಗ ದುರ್ಗದ ಟೀ ಅಂಗಡಿಯಲ್ಲಿ ಕೇಳಿದ ಮಾತು: "ಟೈಲ್ಸ್ ಕೆಲ್ಸ ಮಾಡಿದ ಮೇಸ್ತ್ರಿ ಯಾರಪ್ಪಾ, ಭಾರೀ ಫಿನಿಶಿಂಗು!" ಆ ಮಾತಿಗೆ ನಾನೂ ನಕ್ಕಿದ್ದೇನೆ, ಯಾರು ನಗಲ್ಲ? ಆದರೆ ಆಟಗಾರರ ಮೇಲಿನ ಅಭಿಪ್ರಾಯ ಎಲ್ಲಿಂದ ಬರುತ್ತೆ ಅಂತ ಹುಡುಕಿದರೆ ಅಭಿಮಾನಕ್ಕಿಂತ ಕೆಳಗೆ ಈ ಮೆಚ್ಚುಗೆಯ ಪದರ ಸಿಗುತ್ತೆ. ತಪ್ಪಿಸಿಕೊಂಡವನು ಜಾಣ. ಸಿಕ್ಕಿಬಿದ್ದವನು ಪಾಪದವನು. ಕಟ್ಟಿದವನು ಪೆದ್ದ.

ಈ ಪದರ ಯಾಕೆ ಇಷ್ಟು ಗಟ್ಟಿ ಅಂತ ಕೇಳಿದರೆ ನಮ್ಮೂರಿನವರ ಹತ್ತಿರ ಉತ್ತರ ಇದೆ, ಅದು ಹಗುರದ ಉತ್ತರವೂ ಅಲ್ಲ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ ಓದಿದರು. ನಮ್ಮ ಜಿಲ್ಲೆ ಹೆಸರು ದಿಲ್ಲಿಯಲ್ಲಿ ಕೇಳಿದ್ದಕ್ಕೆ ಪಟಾಕಿ ಹೊಡೆದವರುಂಟು. ಆ ದುಡ್ಡಿಗಾಗಿ ಆಮೇಲೆ ಧರಣಿ, ಬಂದ್ ಎಲ್ಲಾ ಆಯ್ತು. ದಾವಣಗೆರೆಯಿಂದ ದುರ್ಗದ ಮೇಲೆ ತುಮಕೂರಿಗೆ ಹೋಗೋ ರೈಲು ಮಂಜೂರಾಗಿದ್ದು 2011-12ರಲ್ಲಿ. ನಾನು ಆಗ ಕಾಲೇಜಿನಲ್ಲಿದ್ದೆ, ಈಗ ತಲೆಕೂದಲು ನೆರೆಯೋಕೆ ಶುರುವಾಗಿದೆ. ವಾಣಿ ವಿಲಾಸ ಸಾಗರ 89 ವರ್ಷದ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿನವರು ಮಳೆರಾಯನಿಗೆ ಕೈಮುಗಿದರು, ಸರ್ಕಾರಕ್ಕಲ್ಲ. ಹೀಗಿರುವಾಗ "ತೆರಿಗೆ ಕಟ್ಟಿದ್ರೆ ನಮಗೇನ್ ಬರ್ತದೆ?" ಅಂತ ಕೇಳೋ ರೈತನಿಗೆ ನಾಗರಿಕಶಾಸ್ತ್ರದ ಪಾಠ ಹೇಳೋದು ಅಧಿಕಪ್ರಸಂಗ.

ಅದರ ಮೇಲೆ 2025ರ ಜುಲೈನಲ್ಲಿ ಏನಾಯ್ತು ನೋಡಿ. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಟೀ ಅಂಗಡಿ, ಬೀಡಾ ಅಂಗಡಿಯವರಿಗೆಲ್ಲಾ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟು ಅಂತ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಊರೂರಿನಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಚೀಟಿ ಅಂಟಿಸಿದರು. ಸಿಟ್ಟು ಬಂತು, ಸರಿಯಾದ ಸಿಟ್ಟೇ. ಕೊನೆಗೆ ಹಳೆ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿ ಹೇಳಿದರು. ತರಕಾರಿಯವನ ಪರ ನಿಂತ ಆ ಸಿಟ್ಟಿನವರೇ ಆಟಗಾರನ ವಿಷಯ ಬಂದಾಗ "ಅವನ ದುಡ್ಡು ಅವನಿಷ್ಟ" ಅಂತಾರೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ಇಬ್ಬರಿಗೂ ಮಾಫಿ ಅನ್ನೋದು ಉದಾರತೆ ಅಂತ ಕಾಣುತ್ತೆ, ಆದರೆ ಲಾಭ ಯಾವಾಗಲೂ ಆಡಿಟರನ್ನ ಇಟ್ಟುಕೊಳ್ಳೋ ಶಕ್ತಿ ಇರೋನಿಗೆ. ತರಕಾರಿಯವನು ಸಿಕ್ಕಿಬಿದ್ದಿದ್ದು ಮುಚ್ಚಿಡೋ ವಿದ್ಯೆ ಗೊತ್ತಿಲ್ಲದ್ದಕ್ಕೆ. ಅಡಿಕೆ ಮಂಡಿಯ ಬಿಳಿ ಚೀಟಿ ವ್ಯವಹಾರ ಬಲ್ಲವರಿಗೆ ಈ ಮಾತನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನು ನಾವು, ಅಂದ್ರೆ ಈ ಬರಹ ಓದ್ತಾ ಇರೋ ಸಂಬಳದವರು. ನಮಗೆ ತಪ್ಪಿಸೋಕೆ ಆಗಲ್ಲ, ಟಿಡಿಎಸ್ ಮೊದಲೇ ಹೋಗಿರುತ್ತೆ, ಹಾಗಾಗಿ ನಾವು ಶುದ್ಧರು ಅನ್ನೋ ಗತ್ತು ನಮ್ಮಲ್ಲಿದೆ. ಜನವರಿ ಬಂದು ಪ್ರೂಫ್ ಕೇಳಿದಾಗ ನಮ್ಮ ಫ್ಲೋರಿನಲ್ಲಿ ನಡೆಯೋ ಸಂತೆ ನೋಡಬೇಕು. ಸ್ವಂತ ಮನೆಯಲ್ಲಿ ಇದ್ದುಕೊಂಡು ಬಾಡಿಗೆ ರಸೀದಿ, ಮಾವನ ಪ್ಯಾನ್ ನಂಬರು, ಹೆಸರೇ ಕೇಳದ ಪಕ್ಷಕ್ಕೆ ದೇಣಿಗೆ. ಇಂಥ ಸುಳ್ಳು ಕಡಿತಗಳ ಮೇಲೆ 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಪರಿಶೀಲನೆ ಮಾಡಿತು. ಮೆಸ್ಸಿಯ ಬೆಲೀಜ್ ಕಂಪನಿಯನ್ನ ಊಟದ ಹೊತ್ತಿನಲ್ಲಿ ಬೈದ ಸೀನಿಯರ್ ಒಬ್ಬರು ಸಂಜೆ ರೆವಿನ್ಯೂ ಸ್ಟಾಂಪ್ ಇದೆಯಾ ಅಂತ ಕೇಳ್ಕೊಂಡು ಬಂದಿದ್ದರು.

ಈ ಶುದ್ಧತೆಯ ಗತ್ತೇ ಇನ್ನೊಂದು ವೇಷದಲ್ಲೂ ಬರುತ್ತೆ. 2024ರಲ್ಲಿ ಫಾರ್ಚೂನ್ ಇಂಡಿಯಾ ಪತ್ರಿಕೆ ಪಟ್ಟಿ ಹಾಕಿತು, ಕೊಹ್ಲಿ 66 ಕೋಟಿ, ಧೋನಿ 38, ಸಚಿನ್ 28 ಕೋಟಿ ತೆರಿಗೆ ಕಟ್ಟಿದ್ದಾರೆ ಅಂತ. ವಾಟ್ಸಾಪಿನಲ್ಲಿ ಅದು ಓಡಾಡಿದ್ದು "ದೇಶಕ್ಕೆ 66 ಕೋಟಿ ಕೊಟ್ಟ ಕಿಂಗ್" ಅಂತ. ಕೊಡೋದು ಬೇರೆ, ಕಟ್ಟೋದು ಬೇರೆ. ಕಟ್ಟಿದ್ದನ್ನ ದಾನ ಅಂತ ಹೊಗಳೋ ಜನ, ಕಟ್ಟದೇ ಇದ್ದಾಗ ಏನಂತಾರೆ? ದಾನ ಕೊಡೋದು ಬಿಡೋದು ಅವನಿಷ್ಟ ಅಂತಲೇ ತಾನೇ. ಹೊಗಳಿಕೆಯಲ್ಲೇ ಮಾಫಿಯ ಬೀಜ ಇದೆ. ಬಿಸಿಸಿಐ ಎಷ್ಟೋ ವರ್ಷ ತೆರಿಗೆ ವಿನಾಯಿತಿ ಕೇಳಿದ್ದೂ ತಾನು ದತ್ತಿ ಸಂಸ್ಥೆ ಅಂತ. ಐಪಿಎಲ್‌ನಿಂದ ದುಡ್ಡು ಬಂದರೂ ಅದು ಆಟ ಬೆಳೆಸೋಕೆ ಅನ್ನೋ ವಾದವನ್ನ 2021ರಲ್ಲಿ ಮುಂಬೈ ನ್ಯಾಯಮಂಡಳಿಯೂ ಒಪ್ಪಿತು. ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಓಡೋ ಹುಡುಗರಿಗೆ ಆ ದತ್ತಿಯ ಬಗ್ಗೆ ಕೇಳಿ ನೋಡಿ, ನಗ್ತಾರೆ.

ಉತ್ತಪ್ಪ ವಾರೆಂಟಿನ ಸುದ್ದಿ ಓಡ್ತಿದ್ದ ಆ ಡಿಸೆಂಬರ್‌ನಲ್ಲೇ ನಮ್ಮ ಚಿಕ್ಕಪ್ಪನ ಮಗಳು ಊರಿಗೆ ಬಂದಿದ್ದಳು. ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಆರು ವರ್ಷ ಹೊಲಿಗೆ ಹಾಕಿದ್ದಾಳೆ. ಎಲ್ಲರೂ ಟಿವಿ ನೋಡಿಕೊಂಡು ಉತ್ತಪ್ಪನ ಬೌಲ್‌ಔಟ್ ನೆನಪು ಮಾಡ್ಕೊಳ್ತಾ ಇದ್ದಾಗ ಅವಳು ಕೇಳಿದ್ದು ಒಂದೇ: "ಅಣ್ಣ, ಅಲ್ಲಿ ಕೆಲ್ಸ ಮಾಡ್ದೋರ ದುಡ್ಡು ಬಂತಾ?" ಆಮೇಲೆ ಫೋನ್ ಕೊಟ್ಟು ತನ್ನ ಪಾಸ್‌ಬುಕ್ ತೆಗೆದುಕೊಡು ಅಂದಳು. ಯುಎಎನ್ ಹಾಕಿ, ಒಟಿಪಿಗೆ ಕಾದು, ಸಿಗ್ನಲ್ಲಿಗೋಸ್ಕರ ಮಾಳಿಗೆ ಹತ್ತಿ ತೆಗೆದರೆ ಸಂಬಳದ ಚೀಟಿಯಲ್ಲಿ ಕಡಿತ ಆದ ಐದು ತಿಂಗಳು ಪಾಸ್‌ಬುಕ್ಕಿನಲ್ಲಿ ಇರಲಿಲ್ಲ. ಅಲ್ಲೇ ಕೂತು ಇಪಿಎಫ್‌ಒ ದೂರಿನ ಪೋರ್ಟಲ್ಲಿನಲ್ಲಿ ಚೀಟಿಗಳ ಫೋಟೋ ಹಾಕಿ ದೂರು ಕೊಟ್ವಿ. ಮೂರು ತಿಂಗಳ ದುಡ್ಡು ಯುಗಾದಿ ಹೊತ್ತಿಗೆ ಬಂತು. ಉಳಿದ ಎರಡಕ್ಕೆ ಮತ್ತೆ ಹಾಕಿದ್ದೀವಿ.